ಬಾಟಲಿಗೆ ತುಂಬಿದ ನೀರು

ಒಂದು ಕಡೆ ಕೂತು ಬರೆಯುವುದು ನನ್ನಿಂದ ಆಗದ ಕೆಲಸ. ಎರಡು ಸಾಲು ಬರೆದು ಏಳುತ್ತೇನೆ, ಹಿತ್ತಿಲ ತನಕ ಹೋಗಿ ತಿರುಗಿ ಬರುತ್ತೇನೆ. ಓದಿದ್ದು ಏಳನೇ ಕ್ಲಾಸು. ಅರ್ಜಿಯಾಗಲಿ ಕಾಗದವಾಗಲಿ, ನಾನು ಬರೆದದ್ದನ್ನೆಲ್ಲ ತಿದ್ದುವವಳು ನನ್ನ ತಂಗಿ. ಈಗ ಬರೆಯುತ್ತಿರುವುದು ಅವಳ ಕಾಲಿನ ವಿಷಯ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ಅವಳು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದಳು. ನಮ್ಮದು ಶ್ರೀನಿವಾಸಪುರದ ಕಡೆಯ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಅಪ್ಪ ಇರಲಿಲ್ಲ. ಅವಳ ಮೊಣಕಾಲ ಹಿಂದೆ ನೆಲ್ಲಿಕಾಯಿಯಷ್ಟು ದಪ್ಪದ ಗಂಟು ಎದ್ದಿತ್ತು. ಸೊಪ್ಪಿನ ಹೊರೆ ಹೊತ್ತು ನಡೆದರೆ ನೋಯುತ್ತಿತ್ತು. ಶ್ರೀನಿವಾಸಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅದನ್ನು ತೆಗೆಸಿದೆವು.

"ಕೊಬ್ಬಿನ ಗಂಟು ಇರ್ಬೇಕು. ಆದ್ರೂ ಕೋಲಾರದ ಲ್ಯಾಬಿಗೆ ಕೊಟ್ಬಿಡು, ನೋಡಿ ಹೇಳ್ತಾರೆ" ಎಂದರು ಡಾಕ್ಟರು. ನರ್ಸಮ್ಮ ಗಂಟನ್ನು ಬಾಟಲಿಗೆ ಹಾಕಿ ಮೇಲೆ ಔಷಧಿ ಸುರಿದು ಕೊಟ್ಟಳು. ನಾನು ಮೂಗು ಮುಚ್ಚಿಕೊಂಡೆ. ಫಾರ್ಮಾಲಿನ್.

ಹುಳು ಸಾಕುವವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಬೆಳೆ ಮುಗಿದು ಇನ್ನೊಂದು ತರುವ ಮುಂಚೆ ಮನೆಗೆಲ್ಲ ಅದನ್ನು ಹೊಡೆದು, ಬಾಗಿಲು ಮುಚ್ಚಿ, ಆಮೇಲೆ ತೆರೆದು ಗಾಳಿಗೆ ಬಿಡುತ್ತೇವೆ. ಹುಳು ಒಳಗೆ ಬಂದ ಮೇಲೆ ಮಾತ್ರ ಅದರ ಸುಳಿವೂ ಆಗದು. ನಶ್ಯ, ಪೌಡರು ಹಾಕಿಕೊಂಡವರನ್ನೂ ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದೆವು. ಅವತ್ತು ಶನಿವಾರ. ಲ್ಯಾಬು ಮುಚ್ಚಿಯಾಗಿತ್ತು, ಸೋಮವಾರದ ತನಕ ಬಾಟಲಿ ಮನೆಯಲ್ಲೇ ಇರಬೇಕು. ಮನೆಯ ತುಂಬ ಹಣ್ಣಾಗುತ್ತಿದ್ದ ಹುಳು, ಇನ್ನೇನು ಗೂಡು ಕಟ್ಟಬೇಕು. ಹಿಂದಿನ ಬೆಳೆ ರೋಗ ಬಂದು ಪೂರ್ತಿ ಹೋಗಿತ್ತು. ಅಮ್ಮ ತಂಗಿಯ ಜೊತೆ ನರ್ಸಿಂಗ್ ಹೋಮಿನಲ್ಲೇ ಉಳಿದಿದ್ದಳು. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.

ಮನೆ ತಲುಪುವ ಮುಂಚೆಯೇ ತಿಪ್ಪೆಯ ಹತ್ತಿರ ಫಾರ್ಮಾಲಿನ್ ಚೆಲ್ಲಿ, ಬಾಟಲಿ ತೊಳೆದು, ಒಳ್ಳೆಯ ಕುಡಿಯುವ ನೀರು ತುಂಬಿದೆ. ಗಂಟು ಒಣಗದಿದ್ದರೆ ಸಾಕು ಎಂದುಕೊಂಡಿದ್ದೆ.

ಸೋಮವಾರ ಲ್ಯಾಬಿನವನು ಮುಚ್ಚಳ ತೆಗೆದು ಮುಖ ತಿರುಗಿಸಿದ. "ಇದೇನ್ರೀ, ನೀರಲ್ಲಿ ತಂದಿದೀರ?"

"ಅವ್ರು ಕೊಟ್ಟಿದ್ದು ಹಂಗೇ ತಂದಿದೀನಿ."

ಕೊಳೆತು ಹೋಗಿದೆ, ಏನೂ ಹೇಳಲಾಗದು ಎಂದು ರಿಪೋರ್ಟು ಬಂತು. ನರ್ಸಿಂಗ್ ಹೋಮಿನ ಡಾಕ್ಟರು ನರ್ಸಮ್ಮನ ಮೇಲೆ ಹರಿಹಾಯ್ದರು. ಆಕೆ ನನ್ನ ಕಡೆ ತಿರುಗಿ, "ಫಾರ್ಮಾಲಿನ್ನೇ ಹಾಕಿದ್ದು ಸಾರ್. ಈ ಅಣ್ಣನ್ನೇ ಕೇಳಿ, ಮೂಗು ಮುಚ್ಕೊಂಡ್ರು" ಎಂದಳು.

"ನಂಗೇನ್ ಗೊತ್ತು ಸಾರ್" ಎಂದೆ.

ಆಕೆಯನ್ನು ಕೆಲಸದಿಂದ ಬಿಡಿಸಿದರು. ಗಾಯ ಮಾಯಿತು, ಗಂಟು ತಿರುಗಿ ಬಂದರೆ ನೋಡೋಣ ಅಂದರು ಡಾಕ್ಟರು. ನಮಗೆ ಆ ಸಲ ಗೂಡು ಬಹಳ ಚೆನ್ನಾಗಿ ಬಂತು.

ಎರಡು ವರ್ಷಕ್ಕೆ ಗಂಟು ಅದೇ ಗಾಯದ ಗುರುತಿನ ಕೆಳಗೆ ತಿರುಗಿ ಬಂತು, ಈ ಸಲ ಮುಷ್ಟಿಯಷ್ಟು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಚೂರು ತೆಗೆದು ಬಾಟಲಿಗೆ ಹಾಕಿದಾಗ ನಾನು ಹಿಂದಿನ ಸಲದಂತೆ ಕೈ ಚಾಚಿದೆ. "ನಮ್ಮವರೇ ತಗೊಂಡ್ ಹೋಗ್ತಾರೆ" ಎಂದರು.

ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: "ಇದು ಕೆಟ್ಟ ಗಂಟೇ. ಆದ್ರೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಎರಡು ಮೂರು ಕಾಯಿಲೆ ಒಂದೇ ಥರ ಕಾಣ್ತವೆ. ಯಾವುದು ಅಂತ ಗೊತ್ತಾಗ್ದೆ ಔಷಧಿ ಕೊಡೋಕಾಗಲ್ಲ." ನಾನು ರೇಷ್ಮೆಯವನೆಂದು ತಿಳಿದ ಮೇಲೆ ಹೀಗೆ ಬಿಡಿಸಿದರು: ಮೈಯ ಪ್ರತಿಯೊಂದು ಕಣದಲ್ಲೂ ನೂಲಿನಂಥ ಎಳೆಗಳಿವೆ, ಜೀನುಗಳಿರುವುದು ಅವುಗಳಲ್ಲೇ. ಕೆಲವು ಗಂಟುಗಳಲ್ಲಿ ಎರಡು ಬೇರೆ ಬೇರೆ ಎಳೆ ತುಂಡಾಗಿ, ಒಂದರ ತುದಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಎರಡು ಜೀನು ಸೇರಿ ಒಂದಾಗಿ, ಕಣಕ್ಕೆ ಬೆಳೆ, ಬೆಳೆ ಎನ್ನುತ್ತಲೇ ಇರುತ್ತದೆ. ಯಾವುದಕ್ಕೆ ಯಾವುದು ಅಂಟಿದೆ ಎಂದು ಕಂಡರೆ ಕಾಯಿಲೆಯ ಹೆಸರು ಸಿಕ್ಕಂತೆ.

"ನಮ್ಮ ವಂಶದಲ್ಲಿ ಇರೋದಾ ಮೇಡಂ?" ಎಂದು ಕೇಳಿದೆ. ಹೌದು ಅನ್ನಲಿ ಎಂದು ಆಸೆಯಿತ್ತು.

"ಇಲ್ಲಪ್ಪ. ಗಂಟಲ್ಲಿ ಮಾತ್ರ. ಅಪ್ಪ ಅಮ್ಮನಿಂದ ಬಂದಿದ್ದಲ್ಲ."

ಆ ಪರೀಕ್ಷೆ ಮುಂಬಯಿಯಲ್ಲಿ ಆಗಬೇಕಿತ್ತು. ಕಾಯುವ ದಿನಗಳಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಕಿದ ಸೊಪ್ಪನ್ನೇ ಹುಳುವಿಗೆ ಇನ್ನೊಮ್ಮೆ ಹಾಕುತ್ತಿದ್ದೆ. ಕಾರಣವಿಲ್ಲದೆ ಕೋಲಾರಕ್ಕೆ ಬಸ್ಸು ಹತ್ತಿ, ಆ ಲ್ಯಾಬಿನ ಬೀದಿಯಲ್ಲಿ ನಡೆದು ವಾಪಸ್ಸು ಬರುತ್ತಿದ್ದೆ.

ರಿಪೋರ್ಟು ಬಂತು. ಎಳೆಗಳು ಅಂಟಿದ್ದವು. ಹರೆಯದವರ ಕೈಕಾಲಿನ ಕೀಲುಗಳ ಹತ್ತಿರ ಬರುವ, ಅಪರೂಪದ ಒಂದು ಕ್ಯಾನ್ಸರ್. ಗಂಟು ರಕ್ತನಾಳವನ್ನೂ ನರವನ್ನೂ ಸುತ್ತಿಕೊಂಡಿದೆ, ಜೀವ ಉಳಿಯಬೇಕಾದರೆ ಕಾಲು ತೆಗೆಯಬೇಕು ಎಂದರು. ಮೊದಲ ಗಂಟು ಕೆಡದೆ ಇದ್ದಿದ್ದರೆ ಆ ಎರಡು ವರ್ಷ ಕೈಯಲ್ಲಿರುತ್ತಿತ್ತು, ಕಾಲೂ ಉಳಿಯುತ್ತಿತ್ತೇನೋ ಎಂದೂ ಅಂದರು.

ತಂಗಿ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಹೇಳಿದಳು: "ಆ ನರ್ಸು ಕೈ ಸೇದೋಗ. ನೀರು ಹಾಕಿ ಕೊಟ್ಲಲ್ಲಣ್ಣ."

ಅದನ್ನು ಕೇಳಿಕೊಂಡು ಇರಲಾಗಲಿಲ್ಲ. ಹೇಳಿಬಿಟ್ಟೆ. ತಿಪ್ಪೆ, ಹುಳು, ನೀರು, ನಂಗೇನ್ ಗೊತ್ತು ಅಂದದ್ದು.

ಅವಳು ಗೋಡೆಯಿಂದ ನನ್ನ ಕಡೆ ಹೊರಳಿದಳು. ಆಮೇಲೆ, "ಆ ಸಲ ಗೂಡು ಚೆನ್ನಾಗ್ ಬಂದಿತ್ತಲ್ವಾ?" ಎಂದಳು. ನಾನು ಅತ್ತೆ. "ಅಳ್ಬೇಡ. ನನ್ ಕಾಲು ನಾನ್ ನೋಡ್ಕೋತೀನಿ. ನೀನು ಮೊದ್ಲು ಆ ನರ್ಸಮ್ಮನ್ನ ಹುಡ್ಕಿ ಹೇಳು. ಪಾಪ, ನಾನೂ ಬೈದ್ಬಿಟ್ಟೆ."

ಅವಳ ಕಾಲು ಹೋಯಿತು, ಅವಳು ಉಳಿದಳು. ಜೈಪುರದ ಕೃತಕ ಕಾಲು ಹಾಕಿಕೊಂಡು ಓಡಾಡುವುದನ್ನು ಕಲಿತಳು. ನಾನು ಹುಡುಕುತ್ತಾ ಹೋದೆ. ಶ್ರೀನಿವಾಸಪುರದಲ್ಲಿ ಕೇಳಿದರೆ ಮುಳಬಾಗಿಲು ಅಂದರು, ಮುಳಬಾಗಿಲಿನಲ್ಲಿ ಮಾಲೂರು ಅಂದರು. ತಿರುಗಿ ಬಂದಾಗಲೆಲ್ಲ ತಂಗಿ ಬಾಗಿಲಲ್ಲೇ, "ಸಿಕ್ಕಿದ್ರಾ?" ಅನ್ನುತ್ತಿದ್ದಳು.

ಮಾಲೂರಿನ ಒಂದು ಕ್ಲಿನಿಕ್ಕಿನಲ್ಲಿ ಆಕೆ ಸಿಕ್ಕಿದಳು. ಕೂದಲು ನೆರೆಯತೊಡಗಿತ್ತು. "ಏನಣ್ಣ, ಏನಾಗಿದೆ?" ಎಂದಳು.

"ಜ್ವರ" ಎಂದುಬಿಟ್ಟೆ.

ಡಾಕ್ಟರು ಏನೋ ಬರೆದರು. ಆಕೆ ನನ್ನ ತೋಳಿಗೆ ಸೂಜಿ ಚುಚ್ಚಿ, ಹತ್ತಿಯಿಂದ ಒತ್ತಿ ಹಿಡಿದು, "ಎಲ್ಲೋ ನೋಡಿದೀನಲ್ಲ ನಿಮ್ಮನ್ನ?" ಎಂದಳು.

"ಇಲ್ಲಮ್ಮ, ನಮ್ದು ಮುಳಬಾಗಿಲು."

ಅವತ್ತು ತಂಗಿ ಬಾಗಿಲಲ್ಲಿ ಕೇಳಿದಾಗ, "ಇಲ್ಲ, ಸಿಗ್ಲಿಲ್ಲ" ಎಂದೆ. ಅದಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಹುಡುಕಿ ಸೋತಿದ್ದೇನೆ ಅಂದುಕೊಂಡಿದ್ದಾಳೆ.

ಬರೆದದ್ದನ್ನು ತಿದ್ದಲು ಇನ್ಯಾರಿಗೂ ಕೊಟ್ಟು ಗೊತ್ತಿಲ್ಲ. ಇದನ್ನೂ ಅವಳಿಗೇ ಕೊಡಬೇಕು. ಒಳಗೆ ಸೊಪ್ಪು ಕತ್ತರಿಸುತ್ತಿದ್ದಾಳೆ, ಕತ್ತಿಯ ಸದ್ದು ಕೇಳುತ್ತಿದೆ. ಎರಡು ಸಲ ಬಾಗಿಲ ತನಕ ಹೋಗಿ ಬಂದೆ.