ಒಳಗೆ ಬಿಟ್ಟ ಬಟ್ಟೆ

ನಾದಿನಿಯ ಹಳೆಯ ರೇಷ್ಮೆ ರವಿಕೆಯೊಂದನ್ನು ಮೊನ್ನೆ ಸಡಿಲ ಮಾಡಲು ಕೂತಿದ್ದೆ. ಕಂಕುಳ ಹತ್ತಿರದ ಹೊಲಿಗೆಯನ್ನು ಪಿನ್ನಿನಿಂದ ಬಿಚ್ಚುತ್ತ ಹೋದಾಗ ಒಳಗೆ ಮಡಚಿಟ್ಟಿದ್ದ ಬಟ್ಟೆ ತೆರೆದುಕೊಂಡಿತು. ಹೊರಗೆ ಮಾಸಿ ಹೋಗಿದ್ದ ಕೆಂಪು ಒಳಗೆ ಕೊಂಡು ತಂದ ದಿನದ ಹಾಗೇ ಇತ್ತು. ನುಸಿಗುಳಿಗೆಯ ವಾಸನೆ, ಅದರ ಜೊತೆಗೆ ಹಳೆಯ ಬೆವರಿನದು... ಎದುರು ಮನೆ ದೊಡ್ಡಮ್ಮ ನೆನಪಾದಳು. ನೆನಪಾದ ಕೂಡಲೇ ಸಿಟ್ಟೂ ಬಂತು. ನಲವತ್ತು ವರ್ಷ ಕಳೆದರೂ ಅದು ಮಾಸಿಲ್ಲ.

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಲ್ಲ. ಹಾಲ್ಕುರಿಕೆ ಪಕ್ಕದ ನಮ್ಮೂರಲ್ಲಿ ನಮ್ಮ ಮನೆ ಬಾಗಿಲು ತೆರೆದರೆ ಕಾಣುತ್ತಿದ್ದದ್ದು ಆಕೆಯ ಮನೆ. ಇಡೀ ಬೀದಿಗೆ ಹೊಲಿಗೆ ಮೆಷಿನ್ ಇದ್ದದ್ದು ಅಲ್ಲಿ ಮಾತ್ರ. ಹೊಟ್ಟೆಪಾಡಿಗೆ ಹೊಲಿಯುವ ಕಷ್ಟ ಆಕೆಗಿರಲಿಲ್ಲ, ತೆಂಗಿನ ತೋಟ ಚೆನ್ನಾಗಿತ್ತು. ಹೊಲಿಗೆ ಆಕೆಯ ಖಯಾಲಿ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಪಡಸಾಲೆಯ ಕಿಟಕಿ ಹತ್ತಿರ ಕೂತರೆ ದನ ಮನೆಗೆ ಬರುವವರೆಗೂ ಏಳುತ್ತಿರಲಿಲ್ಲ. ತಲೆಯ ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲಿ ಎಂದು ಹಾಕಿದ ಕಾಯಿ. ಇಲಿ ಓಡಿದರೆ ಕಾಯಿಯೊಳಗಿನ ಗಿಟುಕು ಗಡಗಡ ಅನ್ನುತ್ತಿತ್ತು, ಸಂದಿಯಿಂದ ನಾರಿನ ಪುಡಿ ಉದುರುತ್ತಿತ್ತು. ಅದಕ್ಕೇ ಮೆಷಿನ್ನಿನ ಮೇಲ್ಗಡೆ ಒಂದು ಹಳೇ ಸೀರೆಯನ್ನು ಚಪ್ಪರದ ಹಾಗೆ ಕಟ್ಟಿಸಿದ್ದಳು.

ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಆ ಚಪ್ಪರದ ಕೆಳಗೆ ಹೊಲಿಗೆ ಕಲಿತೆ. ಮೊದಲ ತಿಂಗಳು ಬಟ್ಟೆ ಮುಟ್ಟಗೊಡಲಿಲ್ಲ, ಬರೀ ಹಳೇ ಪೇಪರು ಕತ್ತರಿಸು ಅಂದಳು. ಎರಡನೆಯ ತಿಂಗಳು ಬರೀ ಬಿಚ್ಚುವುದು. ಎಳೆದು ಬಿಚ್ಚಿದರೆ ಅಳತೆ ಟೇಪಿನಿಂದಲೇ ಕೈಗೆ ಏಟು. ರವಿಕೆ ಹೊಲಿಯಲು ಬಿಟ್ಟಾಗ ಹೇಳಿದ ಮಾತು ಒಂದೇ. “ಒಳಗಡೆ ಎರಡು ಬೆರಳು ಬಟ್ಟೆ ಬುಡು ಕಣೇ. ಹೆಂಗಸಿನ ಮೈ ಒಂದೇ ತರ ಇರಲ್ಲ.” ಆಕೆಯ ಅಳತೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಊರ ಹೆಂಗಸರು ರವಿಕೆ ಕಣ ಹಿಡಿದು ಕತ್ತರಿಸಿ ಕೊಡಿ ಎಂದು ಬಂದು ಕಾಯುತ್ತಿದ್ದರು. ಆ ಹೆಸರಿನ ಬಗ್ಗೆ ಆಕೆಗೆ ಬಹಳ ಜಂಬವಿತ್ತು.

ಕಸೂತಿ ಮಾತ್ರ ನನಗೆ ತಾನಾಗೇ ಬಂತು. ಮ್ಯಾಟಿ ಬಟ್ಟೆಯ ಮೇಲೆ ಎದುರುಬದುರು ಎರಡು ನವಿಲು, ಸುತ್ತ ಬಳ್ಳಿ. ಐದು ತಿಂಗಳು ಆ ಪಡಸಾಲೆಯಲ್ಲೇ ಕೂತು ಹಾಕಿದೆ. ಕೊನೆಯಲ್ಲಿ ಕಪ್ಪು ದಾರ ಮುಗಿದು ಎಡಗಡೆಯ ನವಿಲಿಗೆ ನೀಲಿ ಕಣ್ಣಾಯಿತು. ಆ ಒಂದು ತಪ್ಪಿನಿಂದಲೇ ಅದರ ಮೇಲೆ ನನಗೆ ಇನ್ನಷ್ಟು ಪ್ರೀತಿ. ಮನೆಗೆ ತಂದು ಅವ್ವನಿಗೆ ತೋರಿಸಬೇಕು ಅಂದುಕೊಂಡಿದ್ದೆ.

ಅಷ್ಟರಲ್ಲಿ ದೊಡ್ಡಮ್ಮನ ಮಗಳನ್ನು ನೋಡಲು ದಂಡಿನಶಿವರದ ಕಡೆಯವರು ಬಂದರು. ಮಗಳು ನನ್ನ ವಯಸ್ಸಿನವಳೇ, ಸೂಜಿಗೆ ದಾರ ಪೋಣಿಸಲೂ ಬಾರದವಳು. ಉಪ್ಪಿಟ್ಟು, ಕಾಫಿ ಕೊಡಲು ನನ್ನನ್ನು ಕರೆದಿದ್ದರು. ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಮೇಜಿನ ಮೇಲೆ ನನ್ನ ನವಿಲುಗಳು. ಗಂಡಿನ ತಾಯಿ ಬಳ್ಳಿಯ ಮೇಲೆ ಬೆರಳಾಡಿಸುತ್ತ ಯಾರು ಹಾಕಿದ್ದು ಎಂದು ಕೇಳಿದರು.

“ನಮ್ಮ ಹುಡುಗೀನೇ ಕಣ್ರೀ,” ಅಂದಳು ದೊಡ್ಡಮ್ಮ. “ಸುಮ್ಮನೆ ಕೂತ್ಕೋ ಅಂದ್ರೆ ಕೂತ್ಕೊಳಲ್ಲ ಇವಳು.”

ನನ್ನ ಮುಖ ನೋಡಲಿಲ್ಲ. ಅವರು ಹೋದ ಮೇಲೆ ನಾನು ಆ ಬಟ್ಟೆಯನ್ನು ಮಡಚಿಕೊಳ್ಳಲು ಹೋದೆ. ಆಕೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

“ಬಟ್ಟೆ ನಂದು, ದಾರ ನಂದು. ನಿಂದೇನೇ ಅದ್ರಲ್ಲಿ?”

ಮದುವೆ ಗೊತ್ತಾಯಿತು, ನವಿಲುಗಳು ಹೆಣ್ಣಿನ ಟ್ರಂಕು ಸೇರಿದವು. ಅವ್ವನಿಗೆ ಹೇಳಲು ನಾಚಿಕೆಯಾಯಿತು. ರಾತ್ರಿ ಮಲಗಿದರೂ ಬೆಳಗ್ಗೆ ಎದ್ದರೂ ಅದೇ ಮಾತು ಕಿವಿಯಲ್ಲಿ. ಇವಳಿಗೆ ಮಾಡಿಸಬೇಕು ಎಂದು ಹಲ್ಲು ಕಚ್ಚಿಕೊಂಡು ಕಾದೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಮದುವೆ ಓಡಾಟದಲ್ಲಿ ಪುರುಸೊತ್ತಿಲ್ಲದೆ ಧಾರೆ ಸೀರೆಯ ರವಿಕೆಯನ್ನು ದೊಡ್ಡಮ್ಮ ನನ್ನ ಕೈಗೇ ಕೊಟ್ಟಳು. ಏನೂ ನಡೆದೇ ಇಲ್ಲ ಅನ್ನುವ ಹಾಗೆ ಕೊಟ್ಟಳು. ಅವರ ಮನೆತನದಲ್ಲಿ ಒಂದು ಪದ್ಧತಿ: ಸೀಮಂತಕ್ಕೂ ಅದೇ ಧಾರೆ ಸೀರೆ ಉಟ್ಟು ಅದೇ ರವಿಕೆ ತೊಟ್ಟು ಕೂರಬೇಕು. ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯನ್ನು ಹೊರಗೆ ಬಿಟ್ಟು ಬಸುರಿಯ ಮೈಗೆ ಸರಿ ಮಾಡುತ್ತಿದ್ದರು.

ನಾನು ಅಷ್ಟು ಚೆನ್ನಾಗಿ ಬೇರೆ ಯಾವ ರವಿಕೆಯನ್ನೂ ಹೊಲಿದಿಲ್ಲ. ಹೊಲಿದು ಮುಗಿಸಿ, ಒಳಗಡೆಯ ಎರಡು ಬೆರಳು ಬಟ್ಟೆಯನ್ನು ಹೊಲಿಗೆಯ ಬುಡದವರೆಗೂ ಕತ್ತರಿಸಿದೆ. ಎಳೆ ಬಿಡದ ಹಾಗೆ ಅಂಚಿಗೆ ಕೈಹೊಲಿಗೆ ಹಾಕಿದೆ. ಚೂರುಗಳನ್ನು ಬಚ್ಚಲೊಲೆಯಲ್ಲಿ ತೆಂಗಿನ ಮಟ್ಟೆಯ ಜೊತೆ ಸುಟ್ಟೆ. ಮದುವೆಯ ದಿನ ರವಿಕೆ ಮೈಗೆ ಕೂತದ್ದನ್ನು ನೋಡಿ ಹೊಗಳದವರಿಲ್ಲ. ನಾನೂ ನಗುತ್ತ ನಿಂತಿದ್ದೆ. ಇರಲಿ, ಬರುತ್ತದೆ ಆ ದಿನ ಅಂದುಕೊಂಡೆ. ಆಮೇಲೆ ಅವಳು ತವರಿಗೆ ಬಂದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಅವಳ ಹೊಟ್ಟೆಯನ್ನು.

ಎರಡನೆಯ ವರ್ಷ ಸೀಮಂತ. ತವರಲ್ಲೇ ಇಟ್ಟುಕೊಂಡರು. ಬೆಳಗ್ಗೆ ನೋಡಿದರೆ ರವಿಕೆಯೊಳಕ್ಕೆ ತೋಳೇ ಹೋಗದು. ದೊಡ್ಡಮ್ಮ ನಗುತ್ತಲೇ ಅದನ್ನು ಮಗುಚಿ ಹಿಡಿದು, ಕಿಟಕಿ ಬೆಳಕಲ್ಲಿ ಪಿನ್ನು ತೆಗೆದುಕೊಂಡಳು. ಬಳೆ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ಆಕೆಯ ಹೆಬ್ಬೆರಳು ಒಳ ಅಂಚನ್ನು ಹುಡುಕುತ್ತ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ.

“ಇದ್ಯಾರು ಹೊಲ್ದಿದ್ದು? ಒಳಗೆ ಒಂದೆಳೆ ಬಟ್ಟೆ ಬುಟ್ಟಿಲ್ವಲ್ಲ,” ಅಂದರು ಬೀಗಿತ್ತಿ. ಕೋಣೆಯ ತುಂಬ ಹೆಂಗಸರು, ನಮ್ಮವ್ವನೂ ಅಲ್ಲೇ. ನನ್ನ ನಾಲಿಗೆ ತುದಿಯಲ್ಲಿ ಎರಡು ವರ್ಷದಿಂದ ಮಾತು ಕಾದಿತ್ತು. ಬಟ್ಟೆ ನಿಮ್ಮದು, ದಾರ ನಿಮ್ಮದು, ನಂದೇನಿದೆ ಇದರಲ್ಲಿ ಅನ್ನಬೇಕು. ಆಕೆ ನನ್ನ ಹೆಸರು ಹೇಳಿದರೆ ಸಾಕಿತ್ತು.

“ನಾನೇ ಕಣ್ರೀ,” ಅಂದಳು ದೊಡ್ಡಮ್ಮ. “ಕಣ್ಣು ಮಂಜಾಗಿತ್ತು. ಕತ್ತರಿ ಜಾಸ್ತಿ ಹೋಯ್ತು.”

ಯಾರೋ ಕಿಸಕ್ಕನೆ ನಕ್ಕರು. “ಇಷ್ಟು ವರ್ಷ ಮೆಷಿನ್ ತುಳ್ದು ಇದೇ ಏನ್ರೀ ಕಲ್ತಿದ್ದು?” ಎಂದು ಬೀಗಿತ್ತಿಯೂ ನಕ್ಕರು. ದೊಡ್ಡಮ್ಮ ತಲೆ ತಗ್ಗಿಸಿದಳು. ಪೆಟ್ಟಿಗೆಯಿಂದ ತನ್ನದೇ ಒಂದು ರೇಷ್ಮೆ ರವಿಕೆ ತೆಗೆದು, ಕತ್ತರಿಸಿ, ಕಂಕುಳ ಹತ್ತಿರ ತುಂಡು ಕೊಟ್ಟು ಹೊಲಿದಳು. ಬಣ್ಣ ಹೊಂದಲಿಲ್ಲ. ಮಗಳು ಸೆರಗು ಎಳೆದುಕೊಂಡು ಮಣೆಯ ಮೇಲೆ ಕೂತಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾಡಿದ ಒಳ್ಳೆಯ ಕೆಲಸವನ್ನು ಕಿತ್ತುಕೊಂಡವಳು ಈಗ ನಾನು ಮಾಡಿದ ಕೇಡನ್ನೂ ಕಿತ್ತುಕೊಂಡಿದ್ದಳು. ಬಾಯಿಬಿಟ್ಟು ನಾನೇ ಮಾಡಿದ್ದು ಅನ್ನಬಹುದಿತ್ತು, ಧೈರ್ಯ ಬರಲಿಲ್ಲ. ಅವತ್ತಿನಿಂದ ಆ ಪಡಸಾಲೆಗೆ ಕಾಲಿಡಲಿಲ್ಲ. ಊರ ಹೆಂಗಸರೂ ಒಬ್ಬೊಬ್ಬರಾಗಿ ರವಿಕೆ ಕಣ ಹಿಡಿದು ತಿಪಟೂರಿನ ಟೈಲರ್ ಹತ್ತಿರ ಹೋಗತೊಡಗಿದರು. ಮೆಷಿನ್ನಿನ ಮೇಲೆ ಗೋಣಿಚೀಲ ಬಿತ್ತು. ನಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿ ಸಂತೋಷಪಟ್ಟೆ. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಯಿತು.

ನನ್ನ ಮದುವೆಯಲ್ಲಿ ಅರಿಶಿನ ಕುಂಕುಮ ಇಡಲು ಬಂದ ದೊಡ್ಡಮ್ಮ ನನ್ನ ರವಿಕೆ ತೋಳಿನ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. “ಒಳಗೆ ಬಟ್ಟೆ ಬುಟ್ಟಿದೀಯೇನೇ?” ಅಂದಳು. “ಬುಟ್ಟಿದೀನಿ ದೊಡ್ಡಮ್ಮ,” ಅಂದೆ. ನಮ್ಮಿಬ್ಬರ ನಡುವೆ ಆಮೇಲೆ ಮಾತು ನಡೆದ ನೆನಪಿಲ್ಲ. ಆಕೆ ಹೋದ ಸುದ್ದಿ ಅವ್ವನ ಕಾಗದದಲ್ಲಿ ಬಂತು. ಮಣ್ಣಿಗೆ ಹೋಗಲಿಲ್ಲ... ಹೋಗಬಹುದಿತ್ತು.

ಎಷ್ಟೋ ವರ್ಷದ ಮೇಲೆ ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಆ ಮಗಳು ಸಿಕ್ಕಿದ್ದಳು. “ನಾನು ಹಾಕಿದ್ದ ನವಿಲು ನಮ್ಮತ್ತೆ ಮನೇಲಿ ಈಗ್ಲೂ ಐತೆ ಕಣೇ,” ಅಂದಳು. ತಮಾಷೆಗಲ್ಲ. ಹೇಳಿ ಹೇಳಿ ಅವಳಿಗೇ ನಿಜವಾಗಿಬಿಟ್ಟಿತ್ತು. ನಾನು ಬಸ್ಸು ಬಂತು ಎಂದು ಎದ್ದೆ.

ಮೊನ್ನೆ ನಾದಿನಿಯ ರವಿಕೆಗೆ ಒಳಗಿನ ಬಟ್ಟೆ ಸಾಕಾಯಿತು. ಹೊಲಿದು, ಉಳಿದದ್ದನ್ನು ಕತ್ತರಿಸದೆ ಹಾಗೇ ಮಡಚಿದೆ. ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಆದರೆ ಆ ನೀಲಿ ಕಣ್ಣು ನನ್ನದು, ಆ ಕತ್ತರಿಯೂ ನನ್ನದು ಎಂದು ಬಲ್ಲವಳು ದೊಡ್ಡಮ್ಮ ಒಬ್ಬಳೇ ಇದ್ದಳು. ಈಗ ನಾನೇ ಹೇಳಿಕೊಂಡರೂ ಹೌದು ಅನ್ನುವವರು ಯಾರೂ ಇಲ್ಲ.