ಕಂಡಕ್ಟರ್ ದಾನೇಶ್ವರಿಯ ಸಿಟ್ಟು

ಯಾದಗಿರಿ, ಶಹಾಪುರ, ಸುರಪುರ ದಾರಿಯಲ್ಲಿ ಓಡಾಡುವವರಿಗೆ ಕಂಡಕ್ಟರ್ ದಾನೇಶ್ವರಿಯ ಬಾಯಿ ಗೊತ್ತು. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರು ಅವಳ ದನಿ ಕೇಳಿದರೆ ಸಾಕು, ಒಳಗೆ ಸರಿಯುತ್ತಾರೆ. ಹೆಂಗಸರ ಸೀಟಿನಲ್ಲಿ ಕಾಲು ಚಾಚಿ ಕೂತ ದೊಡ್ಡ ಮನುಷ್ಯರನ್ನೂ ಅವಳು ಎಬ್ಬಿಸಿದ್ದಾಳೆ. ಅಂಥವಳು ಮಗಳ ವಿಷಯದಲ್ಲಿ ಮಾತ್ರ ಬಹಳ ಕಾಲ ತಲೆ ತಗ್ಗಿಸಿಕೊಂಡೇ ಇದ್ದಳು.

ಮಗಳು ರೇಣುಕಾದೇವಿಗೆ ಆಗ ಒಂಬತ್ತು ವರ್ಷ. ಊಟಕ್ಕೆ ಕೂತವಳು ತುತ್ತು ಬಾಯಿಗಿಡುವಷ್ಟರಲ್ಲಿ ಎದ್ದು ಅಂಗಳದಲ್ಲಿರುತ್ತಿದ್ದಳು. ಒಂದು ಚಪ್ಪಲಿ ಕಾಲಲ್ಲಿದ್ದರೆ ಇನ್ನೊಂದನ್ನು ಎಲ್ಲಿ ಬಿಟ್ಟೆ ಎಂದು ಅವಳಿಗೇ ತಿಳಿಯದು. ಒಂದು ಸಾಲು ಬರೆಯಲು ಹೊರಟರೆ ಕಿಟಕಿಯಾಚೆಯ ಅಳಿಲು, ಪಕ್ಕದ ಮನೆಯ ಮಿಕ್ಸರ್, ಬೀದಿಯ ತಳ್ಳುಗಾಡಿ ಎಲ್ಲವೂ ಅವಳನ್ನು ಎಳೆಯುತ್ತಿದ್ದವು. ಶಹಾಪುರದ ಖಾಸಗಿ ಶಾಲೆಯ ಹೆಡ್‌ಮೇಡಂ ಒಂದು ದಿನ ದಾನೇಶ್ವರಿಯನ್ನು ಬಾಗಿಲ ಹೊರಗೇ ನಿಲ್ಲಿಸಿ ಮಾತಾಡಿದರು.

“ನೋಡ್ರಿ, ನಿಮ್ಮ ಹುಡುಗಿ ತಾನೂ ಕುಂದ್ರಂಗಿಲ್ಲ, ಉಳಿದವ್ರನ್ನೂ ಕುಂದ್ರಗೊಡಂಗಿಲ್ಲ. ನೀವು ದಿನಾ ಬಸ್ಸಿನ್ಯಾಗ ಇರ್ತೀರಿ. ತಾಯಿ ಮನ್ಯಾಗ ಇಲ್ಲಂದ್ರ ಮಕ್ಕಳು ಹಿಂಗೇ ಆಗ್ತಾವ.”

ದಾನೇಶ್ವರಿ ತಲೆ ತಗ್ಗಿಸಿ ಡ್ಯೂಟಿಗೆ ಹೋದಳು. ಆ ಮಾತು ಮಾತ್ರ ಅವಳನ್ನು ಬಿಡಲಿಲ್ಲ.

ಅತ್ತೆ ದೇವಕ್ಕ ಹರಕೆ ಹೊತ್ತು ಮೊಮ್ಮಗಳನ್ನು ಕೊಡೇಕಲ್ಲಿನ ಗುಡಿಗೆ ಕರೆದೊಯ್ದಳು. ರೇಣು ಅಲ್ಲಿ ಮನಸಾರೆ ಓಡಾಡಿ ಬಂದಳು, ಅಷ್ಟೇ. ಕೊನೆಗೆ ಗಂಡ ಹೆಂಡತಿ ಕಲಬುರಗಿಯ ಡಾಕ್ಟರೊಬ್ಬರ ಬಳಿ ಹೋದರು. ಆ ಡಾಕ್ಟರು ರೇಣುವಿನ ಜೊತೆ ತಾಸುಗಟ್ಟಲೆ ಮಾತಾಡಿ, ಆಡಿಸಿ, ಆಮೇಲೆ ಹೇಳಿದರು: “ಇದು ಮೊಂಡತನ ಅಲ್ರಿ. ಗಮನ ಒಂದು ಕಡಿ ನಿಲ್ಲಿಸೂದು ಆಕಿಗೆ ಖರೇನ ಕಷ್ಟ ಅದ. ಗುಳಿಗಿ ಅದಾವ, ಕೆಲವು ಮಕ್ಕಳಿಗೆ ಬೇಕೂ ಆಗ್ತಾವ. ಮೊದಲ ಮನ್ಯಾಗ, ಸಾಲ್ಯಾಗ ಆಕಿ ಜೋಡಿ ಹೆಂಗಿರಬೇಕು ಅನ್ನೂದು ಕಲಿಸ್ತೀವಿ. ಆದ್ರ ತಂದಿ ತಾಯಿ ಇಬ್ಬರೂ ಬರಬೇಕಾಗ್ತದ.”

ಗಂಡ ಸಂಗಮನಾಥನಿಗೆ ಭೀಮರಾಯನಗುಡಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಗುಳಿಗೆ ಎಂದರೆ ಅವನಿಗೆ ಹೆದರಿಕೆ, ಊರವರು ಮಗಳನ್ನು ಹುಚ್ಚಿ ಅಂದಾರು ಎಂದು. ಅಂಗಡಿ ಮುಚ್ಚಿ ಕಲಬುರಗಿಗೆ ಅಲೆಯುವುದೂ ಆಗದ ಮಾತು. ಆಗಲೇ ಅವನ ಕಣ್ಣಿಗೆ ಯಾದಗಿರಿಯ ಒಂದು ಬೋರ್ಡು ಬಿತ್ತು. ‘ಔಷಧವಿಲ್ಲದೆ ಏಕಾಗ್ರತೆ. ಚಂಚಲ ಮಕ್ಕಳಿಗೆ ವಿಶೇಷ ತರಬೇತಿ.’ ಔಷಧವಿಲ್ಲ ಎಂಬ ಮಾತಿಗೆ ದಾನೇಶ್ವರಿಯೂ ಹಗುರಾದಳು. ತರಬೇತಿ ಪ್ರತಿ ಭಾನುವಾರ, ಅಂದು ಅವಳಿಗೆ ಡ್ಯೂಟಿ. ಸಂಗಮನಾಥನೇ ಮಗಳನ್ನು ಬೈಕಿನಲ್ಲಿ ಕರೆದೊಯ್ಯತೊಡಗಿದ.

ಕೆಲವು ವಾರಗಳಲ್ಲಿ ರೇಣು ಮೆತ್ತಗಾದಳು. ಕೂರು ಎಂದರೆ ಕೂರುತ್ತಿದ್ದಳು. “ನೋಡು, ಸುಧಾರಿಸ್ಯಾಳ,” ಎಂದು ಸಂಗಮನಾಥ ಹಿಗ್ಗಿದ. ಆದರೆ ದಾನೇಶ್ವರಿ ಜಡೆಗೆ ರಿಬ್ಬನ್ ಕಟ್ಟಲು ಹೋದರೆ ಹುಡುಗಿ ಮೈ ಸೆಟೆದುಕೊಳ್ಳುತ್ತಿದ್ದಳು. ಹಾಸಿಗೆ ಒದ್ದೆಯಾಗತೊಡಗಿತು. ಯಾಕೆಂದು ಕೇಳಿದರೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದಳು.

ಒಂದು ಭಾನುವಾರ ಯಾದಗಿರಿ ಬಸ್ ನಿಲ್ದಾಣದಲ್ಲಿ ಗಾಡಿ ಕೆಟ್ಟು ನಿಂತಿತು. “ರಿಪೇರಿ ತಡ ಆಗ್ತದಕ್ಕ, ಮಗಳನ್ನ ನೋಡಿ ಬರ್ರಿ,” ಎಂದ ಡ್ರೈವರ್ ಮೌಲಾಲಿ. ದಾನೇಶ್ವರಿ ತರಬೇತಿ ಕೇಂದ್ರಕ್ಕೆ ಹೋದಳು. ಹೊರಗಿನ ಕೋಣೆಯಲ್ಲಿ ತಂದೆತಾಯಂದಿರು ಮೊಬೈಲ್ ನೋಡುತ್ತ ಕೂತಿದ್ದರು. ಸಂಗಮನಾಥ ಅಲ್ಲಿರಲಿಲ್ಲ. ಯಾರೋ ಬೇಡವೆನ್ನುವಷ್ಟರಲ್ಲಿ ಅವಳು ಒಳಬಾಗಿಲು ತಳ್ಳಿಬಿಟ್ಟಳು.

ಕಿಟಕಿಗಳಿಗೆ ಕರಿ ಪರದೆ. ಸಾಲಾಗಿ ಕುರ್ಚಿಗಳು. ಪ್ರತಿ ಕುರ್ಚಿಯಲ್ಲೂ ಒಂದು ಮಗು, ಕಣ್ಣಿಗೆ ಪಟ್ಟಿ. ರೇಣುವಿನ ಎರಡೂ ಮುಂಗೈಗಳನ್ನು ಅವಳದೇ ದುಪಟ್ಟಾದಿಂದ ಕುರ್ಚಿಯ ಕೈಗಳಿಗೆ ಬಿಗಿದಿದ್ದರು.

ದಾನೇಶ್ವರಿ ಮಗಳ ಕಣ್ಣಿನ ಪಟ್ಟಿ ಕಿತ್ತಳು. ಆಮೇಲೆ ಗಂಟು ಬಿಚ್ಚಲು ಕೂತಳು. ಬಿಗಿದ ಗಂಟು ಬಿಚ್ಚಲೇ ಇಲ್ಲ, ಹಲ್ಲಿನಿಂದ ಎಳೆದು ಹರಿದಳು.

“ಇದು ಪದ್ಧತಿ ಅದ ಮೇಡಂ,” ಎಂದು ಕೇಂದ್ರದವನು ಓಡಿ ಬಂದ. “ದೇಹ ನಿಂತ್ರ ಮನಸ್ಸು ನಿಲ್ತದ. ನಿಮ್ಮ ಯಜಮಾನ್ರು ಒಪ್ಪ್ಯಾರ, ಎಲ್ಲಾ ಹೇಳೇ ಮಾಡಾಕತ್ತೇವಿ.”

“ಕಟ್ಟಿ ಹಾಕೂದಕ್ಕ ಪದ್ಧತಿ ಅಂತಿಯೇನು? ದನಾ ಕಟ್ಟಾವ್ರೂ ಹಗ್ಗ ಸಡಲ ಬಿಡ್ತಾರ.”

ಅವಳು ಒಳಬಾಗಿಲನ್ನು ಪೂರ್ತಿ ತೆರೆದು ಹೊರಗಿದ್ದವರನ್ನು ಕರೆದಳು. “ಬರ್ರಿ, ಫೋನ್ ಇಟ್ಟು ಒಳಗ ಬಂದು ನಿಮ್ಮ ಮಕ್ಕಳನ್ನ ನೋಡ್ರಿ.” ಒಬ್ಬಳು ತಾಯಿ ಮಾತ್ರ ಬಂದು ಅಳುತ್ತ ಮಗನನ್ನು ಎತ್ತಿಕೊಂಡು ಹೋದಳು. ಉಳಿದವರಲ್ಲಿ ಒಬ್ಬ ಮನುಷ್ಯ ಗದರಿದ: “ನಮ್ಮ ಹುಡುಗ ಸುಧಾರಿಸ್ಯಾನ. ನಿಮಗ ಬ್ಯಾಡಾದ್ರ ಹೋಗ್ರಿ, ಗದ್ದಲ ಮಾಡಬ್ಯಾಡ್ರಿ.” ದಾನೇಶ್ವರಿಗೆ ಕಟ್ಟಿದವನಿಗಿಂತ ಈ ಮನುಷ್ಯನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಮಗಳನ್ನು ತನ್ನ ಬಸ್ಸಿನಲ್ಲೇ ಕರೆತಂದು, ರಾತ್ರಿ ಮನೆಯಲ್ಲಿ ಅವಳು ಗಂಡನನ್ನು ಕೇಳಿದಳು. “ನಿಮಗ ಗೊತ್ತಿತ್ತೇನು?”

ಸಂಗಮನಾಥ ಗೋಡೆ ನೋಡಿದ. “ಸ್ವಲ್ಪ ಹೊತ್ತು ಕಟ್ತೀವಿ ಅಂದಿದ್ರು. ಗುಳಿಗಿಗಿಂತ ಛಲೋ ಅಂತ ಅಂದ್ಕೊಂಡೆ.”

“ಕೂಸು ನಿನ್ನ ಮುಖಾ ನೋಡಿಲ್ಲೇನು? ಹೋಗಾಗ, ಬರಾಗ, ಒಮ್ಮೆರ ನೋಡಿಲ್ಲೇನು ನಿನ್ನ ಮುಖಾ?”

ಮದುವೆಯಾದ ಮೇಲೆ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ದೇವಕ್ಕ ಸೊಸೆಯನ್ನು ತಡೆಯಲಿಲ್ಲ.

ದೂರು ಕೊಡೋಣ ಎಂದರೆ ಸಂಗಮನಾಥ ಒಪ್ಪಲಿಲ್ಲ. ಒಪ್ಪಿಗೆ ಕೊಟ್ಟವನು ತಾನೇ, ಅಂಗಡಿಗೆ ಬರುವ ನಾಲ್ಕು ಜನರೆದುರು ಮರ್ಯಾದೆ ಹೋಗುತ್ತದೆ ಎಂದ. ದಾನೇಶ್ವರಿ ರಜೆ ಹಾಕಿ, ಮಗಳನ್ನು ಕರೆದುಕೊಂಡು ಒಬ್ಬಳೇ ಮಕ್ಕಳ ರಕ್ಷಣೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ರೇಣುವನ್ನೇ ಕೇಳಿದರು. ರೇಣು ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಸುತ್ತ ತಿರುಗುತ್ತ, ಪೇಪರ್‌ವೇಟ್ ಉರುಳಿಸುತ್ತ ಮಾತಾಡಿದಳು.

“ಅಲ್ಲಿ ಫ್ಯಾನಿಗೆ ಒಂದು ರೆಕ್ಕಿ ಸೊಟ್ಟ ಅದ್ರಿ. ಗ್ವಾಡಿ ಮ್ಯಾಲ ಹಲ್ಲಿ ಇರ್ತದ. ನಿಮ್ಮ ಪೆನ್ನಿನ ಟೊಪಗಿ ಎಲ್ಲಿ?”

ಅಧಿಕಾರಿ ಗಡಿಯಾರ ನೋಡಿದರು. “ತಂಗಿ, ಕಟ್ಟಿದ್ದು ಅಷ್ಟ ಹೇಳವ್ವಾ.”

“ಹೇಳಗೊಡ್ರಿ ಸಾಹೇಬ್ರ,” ಎಂದಳು ದಾನೇಶ್ವರಿ. “ಆಕಿ ಹಿಂಗ ಹೇಳ್ತಾಳ. ಹಿಂಗ ಕೇಳ್ರಿ.”

“ಕಣ್ಣು ಕಟ್ಟಿದ ಮ್ಯಾಲ ಹಲ್ಲಿ ಕಾಣಂಗಿಲ್ರಿ. ಲೊಚ್ ಅಂದ್ರ ಅಲ್ಲೇ ಅದ ಅಂತ. ಬಾಜೂ ಕುರ್ಚಿ ಹುಡುಗ ಉಚ್ಚಿ ಹೊಯ್ಕೊಂಡಾ, ನನ್ನ ಕಾಲಿಗೆ ಬಿಸಿ ಹತ್ತಿತು. ಸರ್ ಅಂವಗ ಸ್ಕೇಲ್‌ಪಟ್ಟಿಲೆ ಹೊಡದ್ರು. ಸರ್ ಬೂಟು ಕಿರ್ ಕಿರ್ ಅಂತಾವ. ಅವು ಬಂದ್ರ ನಾ ಉಸರ ಬಿಡಂಗಿಲ್ಲ.”

ಅಧಿಕಾರಿ ಮತ್ತೆ ಗಡಿಯಾರ ನೋಡಲಿಲ್ಲ. ಆ ಹುಡುಗ ಯಾರು, ಎಲ್ಲಿಯವನು ಎಂದು ಮೆಲ್ಲಗೆ ಕೇಳಿದರು. ರೇಣುವಿಗೆ ಹೆಸರೂ ಊರೂ ಗೊತ್ತಿತ್ತು, ಅವನ ಅಂಗಿಯ ಹರಿದ ಜೇಬೂ ನೆನಪಿತ್ತು.

ತಪಾಸಣೆ ನಡೆದು ಕೇಂದ್ರಕ್ಕೆ ಬೀಗ ಬಿತ್ತು, ಕೇಂದ್ರದವನ ಮೇಲೆ ಕೇಸೂ ಆಯಿತು. ಕೆಲವು ತಂದೆತಾಯಂದಿರು ಇವತ್ತಿಗೂ ಬಸ್ಸಿನಲ್ಲಿ ದಾನೇಶ್ವರಿಯನ್ನು ಕಂಡರೆ ಮುಖ ತಿರುವುತ್ತಾರೆ. ಅವಳು ಟಿಕೆಟ್ ಕೊಟ್ಟು ಮುಂದೆ ಹೋಗುತ್ತಾಳೆ.

ರೇಣು ಈಗ ಸರ್ಕಾರಿ ಶಾಲೆಗೆ ಹೋಗುತ್ತಾಳೆ. ಅಲ್ಲಿನ ಟೀಚರ್ ಪಾರ್ವತೆಮ್ಮ ಅವಳನ್ನು ಮುಂದಿನ ಸಾಲಿಗೆ ಕರೆದುಕೊಂಡಿದ್ದಾರೆ. ಕೂತು ಬೇಸರವಾದರೆ ನಿಂತು ಬರೆಯಲು ಬಿಡುತ್ತಾರೆ. ಮತ್ತೆ ಕಲಬುರಗಿಯ ಅದೇ ಡಾಕ್ಟರ ಬಳಿ ಹೋಗಿ ದಾನೇಶ್ವರಿ ಕಲಿತದ್ದು ಕೇಳಲು ಸಣ್ಣದು, ಮಾಡಲು ಕಷ್ಟ. ಒಮ್ಮೆಗೆ ಒಂದೇ ಕೆಲಸ ಹೇಳಬೇಕು. ಮಾಡಿದ ಕೂಡಲೇ ಮೆಚ್ಚಬೇಕು. ಕೂಗಬಾರದು. ದಿನವಿಡೀ ಬಸ್ಸಿನಲ್ಲಿ ಕೂಗಿ ಬಂದವಳಿಗೆ ಮನೆಯಲ್ಲಿ ದನಿ ಇಳಿಸುವುದು ಎಷ್ಟೋ ದಿನ ಆಗುವುದೇ ಇಲ್ಲ. ಮುಂದೆ ಗುಳಿಗೆ ಬೇಕೆಂದು ಡಾಕ್ಟರು ಹೇಳಿದರೆ ಅದನ್ನೂ ಕೊಡುತ್ತೇನೆ ಎನ್ನುತ್ತಾಳೆ.

ಸಂಗಮನಾಥನೂ ಅಂಗಡಿ ಮುಚ್ಚಿ ಕಲಬುರಗಿಗೆ ಬರತೊಡಗಿದ್ದಾನೆ. ಬಾ ಎಂದು ಯಾರೂ ಕರೆಯಲಿಲ್ಲ. ಬಸ್ಸಿನಲ್ಲಿ ಮಗಳ ಪಕ್ಕ ಕೂರುತ್ತಾನೆ. ರೇಣು ಕೆಲವೊಮ್ಮೆ ಅವನ ಕೈ ಹಿಡಿಯುತ್ತಾಳೆ, ಕೆಲವೊಮ್ಮೆ ಎದ್ದು ತಾಯಿಯ ಹತ್ತಿರ ಬಂದುಬಿಡುತ್ತಾಳೆ.

ಮೊನ್ನೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ: “ಇನ್ನಾ ಸಿಟ್ಟು ಹೋಗಿಲ್ಲೇನು?”

“ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತೂ ಇಲ್ಲ,” ಎಂದಳು ದಾನೇಶ್ವರಿ, ರೊಟ್ಟಿ ತಟ್ಟುತ್ತಲೇ. “ಆಕಿನ್ನ ಊಟಕ್ಕ ಕರೀರಿ. ಒಮ್ಮೆ ಕರೀರಿ, ಮೆತ್ತಗ ಕರೀರಿ.”