ಫ್ಯಾನು ಬಂದ್ ಮಾಡುತ್ತಿದ್ದವರು

ಖಾನಾಪುರದ ಟಾಕೀಜಿನಲ್ಲಿ, ಅದು ಮುಚ್ಚುವವರೆಗೂ, ನಮ್ಮ ಓಣಿಯ ಈ ಹಿರಿಯರೇ ಸಿನಿಮಾ ಓಡಿಸುವ ಆಪರೇಟರ್. ಹಳೆಯ ದೆವ್ವದ ಸಿನಿಮಾದಲ್ಲಿ ಬಾವಿಯ ಹಗ್ಗ ತಾನಾಗಿ ಅಲುಗಾಡುವಾಗ ಟಾಕೀಜಿನ ಫ್ಯಾನುಗಳನ್ನೆಲ್ಲ ಬಂದ್ ಮಾಡುತ್ತಿದ್ದರು. ಆ ನಿಶ್ಶಬ್ದಕ್ಕೇ ನಾವು ಬಾಜೂದವರ ಕೈ ಹಿಡಿಯುತ್ತಿದ್ದೆವು. "ದೆವ್ವ ಕಾಣಬಾರದು, ಐತಿ ಅನ್ನಿಸಬೇಕು" ಎಂಬುದು ಅವರ ಮಾತು.

ಅದೇ ಸಿನಿಮಾವನ್ನು ಮತ್ತೆ ಹೊಸದಾಗಿ ತೆಗೆದಿದ್ದಾರೆಂದು ಹೋದ ವರ್ಷ ಅವರನ್ನು ಬೆಳಗಾವಿಗೆ ಮ್ಯಾಟ್ನಿಗೆ ಕರೆದೊಯ್ದೆ. ಹಗ್ಗ ಅಲುಗಾಡುವ ಮೊದಲೇ ದೆವ್ವ ಬಾವಿಯಿಂದೆದ್ದು ಕಿರುಚಿತು. ಆ ಸದ್ದಿಗೆ ಕುರ್ಚಿ ನಡುಗಿತು. ಸುತ್ತಲಿನವರು ನಕ್ಕರು.

ಅವರು ತೊಡೆ ಬಡಿದುಕೊಂಡು ಎದ್ದರು. "ಹೆದರಸೂದಂದ್ರ ಕಿವಿ ಹರಿಯೂದಲ್ರೀ! ಎಲ್ಲಾ ಹಾಳ ಮಾಡ್ಯಾರ! ಎಲ್ಲಿದಾನ ಆಪರೇಟರ್?"

"ಕುಂದರ್ರಿ ಅಜ್ಜಾರ" ಎಂದರು ಯಾರೋ. ಅವರು ಕೇಳಲಿಲ್ಲ. ಮೆಟ್ಟಿಲು ಹತ್ತಿ ಮಶೀನಿನ ಕೋಣೆಯ ಬಾಗಿಲನ್ನು ದಬದಬ ಬಡಿದರು. ನಾನು ಹಿಂದೆಯೇ ಓಡಿದೆ. ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು.

ಅಲ್ಲಿನ ಕೆಲಸದವ ಬಂದು, "ಒಳಗ ಯಾರೂ ಇಲ್ರಿ. ಮಶೀನು ತಾನ ನಡೀತೈತಿ" ಎಂದ.

ಬಡಿಯುತ್ತಿದ್ದ ಕೈ ಬಾಗಿಲ ಮೇಲೇ ನಿಂತಿತು. "ಯಾರೂ ಇಲ್ಲ?" ಎಂದರು.

ಖಾನಾಪುರದ ಬಸ್ಸಿನಲ್ಲಿ ಇಡೀ ದಾರಿ ಅವರು ನನ್ನ ಕೈ ಬಿಡಲಿಲ್ಲ.